ಅರಿಶಿಣ ಹಚ್ಚಿದ ಕವರು

ಹೊನ್ನಳಗಿ
೬ ಫೆಬ್ರವರಿ ೨೦೦೫

ಹೈದರಾಬಾದಿನ ಅಬಿಡ್ಸ್ ಅಂಚೆ ಕಚೇರಿಯ ಪೋಸ್ಟ್ ಬಾಕ್ಸಿನ ಹಿಂದೆ ಕೂತಿರುವ ಸಂಪಾದಕರಿಗೆ,

ನಿಮ್ಮ ಹೆಸರು ನನಗೆ ಗೊತ್ತಿಲ್ಲ. ಗಂಡೋ ಹೆಣ್ಣೋ ಅದೂ ಗೊತ್ತಿಲ್ಲ. ಅದಕ್ಕೇ ನಮಸ್ಕಾರವನ್ನು ಸದ್ಯ ನನ್ನ ಹತ್ತಿರವೇ ಇಟ್ಟುಕೊಂಡಿದ್ದೇನೆ. ನಿಮ್ಮ ಉತ್ತರ ನೋಡಿ, ಹೇಳುವ ಹಾಗಿದ್ದರೆ ಹೇಳುತ್ತೇನೆ.

ಮೊನ್ನೆ ಗುರುವಾರ ನಮ್ಮ ಮನೆಗೆ ಒಂದು ಲಗ್ನಪತ್ರಿಕೆ ಬಂತು. ಕೆಂಪು ಕವರು, ನಾಲ್ಕು ಮೂಲೆಗೂ ಅರಿಶಿಣ, ಬಂಗಾರದ ಬಣ್ಣದ ಗಣಪತಿ. ಮೇಲೆ ‘ಶ್ರೀ ಕಲ್ಯಾಣಪ್ಪನವರಿಗೆ, ಸಕುಟುಂಬ’ ಎಂದು ಬರೆದಿತ್ತು. ಕಲ್ಯಾಣಪ್ಪನವರು ನನ್ನ ಯಜಮಾನರು. ದಿನಾ ಬೆಳಿಗ್ಗೆ ತಿರುಗಾಡಲು ಹೋದವರು ಟಪಾಲನ್ನು ತಾವೇ ತರುತ್ತಿದ್ದರು. ಈಗ ಕಣ್ಣಿನ ಪೊರೆ ತೆಗೆಸಿ, ಪಟ್ಟಿ ಕಟ್ಟಿಸಿಕೊಂಡು ಮನೆಯಲ್ಲಿದ್ದಾರೆ. ಹಾಗಾಗಿ ಪೋಸ್ಟ್‌ಮನ್ ಲಿಂಗಣ್ಣ ಮನೆಗೇ ತಂದುಕೊಟ್ಟ.

ನಮ್ಮಲ್ಲಿ ಒಂದು ಪದ್ಧತಿ ಉಂಟು. ಲಗ್ನಪತ್ರಿಕೆಯನ್ನು ಒಬ್ಬರೇ ಕದ್ದು ಓದುವಂತಿಲ್ಲ. ಎಲ್ಲರೂ ಪಡಸಾಲೆಯಲ್ಲಿ ಕೂತ ಮೇಲೆ, ಮೇಲಿನ ದೇವರ ಹೆಸರಿನಿಂದ ಹಿಡಿದು ಕೊನೆಯಲ್ಲಿ ‘ನಮ್ಮ ಚಿಕ್ಕಪ್ಪನ ಮದುವೆಗೆ ಬನ್ನಿ’ ಎನ್ನುವ ಕೂಸುಗಳ ಹೆಸರಿನ ತನಕ ಗಟ್ಟಿಯಾಗಿ ಓದಬೇಕು. ನನ್ನ ಅತ್ತೆಗೆ ಅಕ್ಷರ ಬರುತ್ತಿರಲಿಲ್ಲ, ಅವರಿಗಾಗಿ ಶುರುವಾದದ್ದು. ಅವರು ಹೋಗಿ ಹನ್ನೆರಡು ವರ್ಷವಾದರೂ ನಾನು ಬಿಟ್ಟಿಲ್ಲ. ಮೂವತ್ತು ವರ್ಷ ಶಾಲೆಯಲ್ಲಿ ಕಲಿಸಿದವಳಿಗೆ ಗಟ್ಟಿಯಾಗಿ ಓದುವ ಚಟ ಎಲ್ಲಿ ಹೋಗುತ್ತದೆ.

ಕವರು ಹರಿದೆ. ಒಳಗೆ ‘ಹಿತ್ತಲ ಬಾಗಿಲು’ ಎಂಬ ಹನ್ನೆರಡು ಪುಟದ ಪತ್ರಿಕೆ. ಕನ್ನಡಕ ಸರಿಮಾಡಿಕೊಳ್ಳುತ್ತಲೇ ಮೊದಲ ಸಾಲು ಓದಿಬಿಟ್ಟೆ: “ನಾನು ಗಂಡಸು. ನನ್ನ ಮನಸ್ಸು ಇನ್ನೊಬ್ಬ ಗಂಡಸಿನ...” ಅಷ್ಟಕ್ಕೆ ನಿಲ್ಲಿಸಿದೆ. ಮಗಳು ಕುಮುದಾ, “ಯವ್ವಾ, ಇದೆಂಥಾ ಲಗ್ನಪತ್ರಿಕಿ? ವರಾನ ಎದ್ದು ನಿಂತು ಭಾಷಣ ಮಾಡಾಕತ್ತಾನಲ್ಲ” ಅಂದಳು. “ಅಚ್ಚು ತಪ್ಪೈತಿ, ಆಮ್ಯಾಲೆ ಓದೂಣು” ಅಂತ ಸೆರಗಿನಲ್ಲಿ ಮುಚ್ಚಿಕೊಂಡು ಒಳಗೆ ಹೋದೆ. ಜೋಳದ ಡಬ್ಬಿಯ ಕೆಳಗೆ ಇಟ್ಟೆ. ಆಮೇಲೆ ಒಬ್ಬಳೇ ಮೂರು ಸಲ ಓದಿದೆ.

ಈಗ ನನ್ನ ಪ್ರಶ್ನೆಗಳಿಗೆ ಉತ್ತರ ಕೊಡಿ. ನೀವು ಯಾರು? ಇಂಥದ್ದನ್ನು ಲಗ್ನದ ಕವರಿನಲ್ಲಿ ಹಾಕಿ ಕಳಿಸುವುದು ಯಾಕೆ? ಅರಿಶಿಣ ಹಚ್ಚುವವರು ಯಾರು? ಎಲ್ಲಕ್ಕಿಂತ ಮುಖ್ಯ, ನಮ್ಮ ಮನೆಗೆ ಇದು ಯಾಕೆ ಬಂತು?

ಬಸಲಿಂಗಮ್ಮ
ನಿವೃತ್ತ ಶಿಕ್ಷಕಿ


ಕೂಕಟ್‌ಪಲ್ಲಿ, ಹೈದರಾಬಾದ್
೧೫ ಫೆಬ್ರವರಿ ೨೦೦೫

ಬಸಲಿಂಗಮ್ಮನವರಿಗೆ ಶರಣು ಶರಣಾರ್ಥಿ.

ನಿಮ್ಮ ನಮಸ್ಕಾರ ನಿಮ್ಮಲ್ಲೇ ಇರಲಿ. ನನ್ನದನ್ನು ಮಾತ್ರ ತಡೆಯಲಾಗಲಿಲ್ಲ.

ನನ್ನ ಹೆಸರು ಚಂದ್ರಹಾಸ. ಗಂಡಸು. ವಯಸ್ಸು ಮೂವತ್ತೆಂಟು. ಪತ್ರಕರ್ತ. ಯಾವ ಪತ್ರಿಕೆಯವರೂ ನನಗೆ ಕೆಲಸ ಕೊಡುವುದಿಲ್ಲವಾದ್ದರಿಂದ ನನ್ನ ಪತ್ರಿಕೆಯನ್ನು ನಾನೇ ಮಾಡಿಕೊಂಡಿದ್ದೇನೆ. ಹೊಟ್ಟೆಪಾಡಿಗೆ ಒಂದು ಸಾಫ್ಟ್‌ವೇರ್ ಕಂಪನಿಗೆ ಮೊಬೈಲ್ ಫೋನಿನ ಒಳಗಿರುವ ಮಾತುಗಳನ್ನೆಲ್ಲ ಕನ್ನಡಕ್ಕೆ ಮಾಡಿಕೊಡುತ್ತೇನೆ. ‘ಸಂದೇಶ ತಲುಪಲಿಲ್ಲ, ಮತ್ತೆ ಪ್ರಯತ್ನಿಸಿ’ ಎಂದು ನಿಮ್ಮ ಫೋನು ಎಂದಾದರೂ ಹೇಳಿದರೆ ಅದು ನನ್ನ ಕೈಬರಹ ಎಂದು ತಿಳಿಯಿರಿ.

ಕವರಿನ ವಿಷಯ. ನನ್ನ ಜೊತೆ ಇರುವವನು ರಾಮಕೃಷ್ಣ. ಅಬಿಡ್ಸ್‌ನ ಹಿಂದಿನ ಗಲ್ಲಿಯಲ್ಲಿ ಅವನದೊಂದು ಚಿಕ್ಕ ಪ್ರೆಸ್ಸಿದೆ, ಲಗ್ನಪತ್ರಿಕೆಯನ್ನಷ್ಟೇ ಮಾಡುತ್ತಾನೆ. ಸಾಫ್ಟ್‌ವೇರ್ ಹುಡುಗರಿಗೆ ಸಂಬಳ ಏರಿದ ಹಾಗೆ ಲಗ್ನಪತ್ರಿಕೆಯ ದಪ್ಪವೂ ಏರಿದೆ, ಕವರುಗಳು ಮಿಗುತ್ತವೆ. ನಮ್ಮ ಓದುಗರು ಹೆಚ್ಚಿನವರು ಊರುಗಳಲ್ಲಿದ್ದಾರೆ. ಸಾದಾ ಕವರು ಹೋದರೆ ಅಪ್ಪ ಒಡೆಯುತ್ತಾನೆ, ಅಣ್ಣ ಒಡೆಯುತ್ತಾನೆ. ಲಗ್ನಪತ್ರಿಕೆ ಬಂದರೆ ‘ಯಾರದೋ’ ಎಂದು ಗೂಡಿನಲ್ಲಿ ಸಿಕ್ಕಿಸಿ ಮರೆಯುತ್ತಾರೆ. ಬೇಕಾದವರು ಆಮೇಲೆ ತೆಗೆದುಕೊಳ್ಳುತ್ತಾರೆ. ಎರಡು ವರ್ಷದಲ್ಲಿ ಒಬ್ಬರೂ ಸಿಕ್ಕಿಬಿದ್ದಿರಲಿಲ್ಲ. ಲಗ್ನಪತ್ರಿಕೆಯನ್ನು ಪಡಸಾಲೆಯಲ್ಲಿ ಕೂತು ದೇವರ ಹೆಸರಿನಿಂದ ಓದುವ ಮನೆಯೊಂದಿದೆ ಎಂದು ನಮ್ಮಿಬ್ಬರಿಗೂ ಹೊಳೆದಿರಲಿಲ್ಲ.

ಅರಿಶಿಣ ಹಚ್ಚುವವನು ರಾಮಕೃಷ್ಣ. ನಾನು ಹಚ್ಚಿದರೆ ಅಂಟು ಮೆತ್ತಿದ ಹಾಗೆ ಆಗುತ್ತದಂತೆ.

ನಿಮ್ಮ ಕೊನೆಯ ಪ್ರಶ್ನೆಗೆ ಇಷ್ಟೇ ಹೇಳಬಲ್ಲೆ. ಕೇಳದವರಿಗೆ ನಾವು ಕಳಿಸುವುದಿಲ್ಲ. ಆ ಡಬ್ಬಿಯ ಕೆಳಗೆ ಇರುವುದನ್ನು ದಯವಿಟ್ಟು ಸುಡಬೇಡಿ.

ಚಂದ್ರಹಾಸ


ಹೊನ್ನಳಗಿ
೨೭ ಫೆಬ್ರವರಿ ೨೦೦೫

ಚಂದ್ರಹಾಸ ಅವರಿಗೆ ಶರಣು. ಕೊಟ್ಟೆ ನೋಡಿ.

ಸುಟ್ಟಿಲ್ಲ. ಸುಡುವುದಕ್ಕೆ ಮೊದಲು ನನಗೆ ಕೇಳುವುದು ಭಾಳ ಇದೆ. ರಾಮಕೃಷ್ಣ ನಿಮ್ಮ ‘ಜೊತೆ ಇರುವವನು’ ಅಂದಿರಲ್ಲ, ಜೊತೆ ಅಂದರೆ ಹೇಗೆ? ರೊಟ್ಟಿ ಬಡಿಯುವವರು ಯಾರು? ಮನೆ ಬಾಡಿಗೆ ಕೊಟ್ಟವರು ಏನೂ ಕೇಳುವುದಿಲ್ಲವೇ? ಜಗಳ ಆದರೆ ತವರಿಗೆ ಹೋಗುವವರು ಯಾರು? ನಗಬೇಡಿ, ನಿಜವಾಗಿಯೂ ಕೇಳುತ್ತಿದ್ದೇನೆ. ಇದನ್ನು ಇಲ್ಲಿ ಯಾರನ್ನು ಕೇಳಲಿ? ಓಣಿಯಲ್ಲಿ ಕೇಳಿದರೆ ‘ಅಕ್ಕೋರಿಗೆ ತಲೆ ಕೆಟ್ಟೈತಿ’ ಅಂತಾರೆ.

ಈಗ ನನ್ನ ಕಷ್ಟ ಹೇಳುತ್ತೇನೆ. ಕೇಳದವರಿಗೆ ಕಳಿಸುವುದಿಲ್ಲ ಅಂದಿರಿ. ಅಂದರೆ ನಮ್ಮ ಮನೆಯಲ್ಲಿ ಯಾರೋ ಕೇಳಿದ್ದಾರೆ. ಕವರಿನ ಮೇಲೆ ಯಜಮಾನರ ಹೆಸರಿದೆ, ಅದು ಎಲ್ಲ ಲಗ್ನಪತ್ರಿಕೆಯ ಮೇಲೂ ಇರುತ್ತದೆ. ನನ್ನ ಗೆಳತಿಯರ ಮಕ್ಕಳ ಮದುವೆಗೂ ಅವರ ಹೆಸರಿಗೇ ಬರುತ್ತದೆ. ನನ್ನನ್ನು ಬಿಟ್ಟರೆ ಉಳಿದವರು ಇಬ್ಬರು ಮಕ್ಕಳು. ಕುಮುದಾ ಬಿ.ಎಡ್ ಓದುತ್ತಿದ್ದಾಳೆ, ಆಕೆಯ ಹೊಟ್ಟೆಯಲ್ಲಿ ಒಂದು ಮಾತು ನಿಂತರೆ ಊಟ ಸೇರುವುದಿಲ್ಲ. ಬಸವಕಿರಣ ಹಾಗಲ್ಲ. ಬ್ಯಾಂಕಿನಲ್ಲಿದ್ದಾನೆ, ಇಪ್ಪತ್ತೊಂಬತ್ತು ನಡೆಯುತ್ತಿದೆ. ಏಳು ಹೆಣ್ಣು ಬೇಡ ಅಂದ. ಎಂಟನೆಯವಳಿಗೆ, ಕಾವ್ಯಾ ಎಂಬ ಹುಡುಗಿಗೆ, “ಆತು ಬಿಡ್ರಿ” ಅಂದಿದ್ದಾನೆ. ಬಸವ ಜಯಂತಿಗೆ ನಿಶ್ಚಯ ಇಟ್ಟುಕೊಂಡಿದ್ದೇವೆ. ಆ “ಆತು ಬಿಡ್ರಿ” ನನ್ನ ಎದೆಯಲ್ಲಿ ಮುಳ್ಳಾಗಿ ಕೂತಿದೆ.

ಅವತ್ತು ಓದುವಾಗ ಮೂವರ ಮುಖ ನೋಡಿದ್ದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರಂತೆ. ಬಸವಕಿರಣ ಚಹಾ ಚೆಲ್ಲಿಕೊಂಡ. ಯಜಮಾನರ ಕಣ್ಣಿಗೆ ಪಟ್ಟಿ, ಅವರಿಗೆ ನಡೆದದ್ದೇ ಕಾಣಲಿಲ್ಲ.

ಆ ಹುಡುಗಿ ಕಾವ್ಯಾ ನಾನು ಹೋದಾಗ ನನ್ನ ಕಾಲು ನೋಯುತ್ತದೆಂದು ಕೇಳದೇ ಮಣೆ ತಂದು ಇಟ್ಟಳು. ಅವಳಿಗೆ ಏನೂ ತಿಳಿಯದೇ ಬಾಳು ಹಾಳಾಗಬಾರದು. ಎಲ್ಲ ಹೇಳಬೇಡಿ. ಬಸವಕಿರಣನೋ ಅಲ್ಲವೋ, ಅಷ್ಟು ಒಂದು ಸಾಲಿನಲ್ಲಿ ಬರೆಯಿರಿ. ಅವನೇ ಆಗಿದ್ದರೆ ಮದುವೆ ನಿಲ್ಲಿಸುತ್ತೇನೆ. ಅವನನ್ನು ಮನೆಯಿಂದ ಹಾಕುವುದಿಲ್ಲ, ನನ್ನಾಣೆ.

ಬಸಲಿಂಗಮ್ಮ


ಕೂಕಟ್‌ಪಲ್ಲಿ
೧೨ ಮಾರ್ಚ್ ೨೦೦೫

ಅಕ್ಕೋರಿಗೆ ಶರಣು.

ಓಣಿಯವರು ನಿಮ್ಮನ್ನು ಕರೆಯುವ ಹಾಗೇ ಕರೆಯುತ್ತಿದ್ದೇನೆ. ಕಾರಣ ಕೆಳಗಿದೆ.

ಮೊದಲು ಸುಲಭದ್ದು. ರಾಮಕೃಷ್ಣ ನನಗೆ, ಕಲ್ಯಾಣಪ್ಪನವರು ನಿಮಗೆ ಹೇಗೋ ಹಾಗೆ. ರೊಟ್ಟಿ ನನ್ನದು, ಅವನದು ಅನ್ನ ಮತ್ತು ಗೋಂಗೂರ ಪಪ್ಪು, ಅಂದರೆ ನಮ್ಮ ಪುಂಡಿಪಲ್ಯದ ಬೇಳೆ. ಜಗಳ ಆದರೆ ಇಬ್ಬರಿಗೂ ತವರಿಲ್ಲ, ಹಾಗಾಗಿ ಅವನು ಬಾಲ್ಕನಿಗೆ ಹೋಗುತ್ತಾನೆ. ಮನೆಯೊಡತಿ ಏನೂ ಕೇಳುವುದಿಲ್ಲ. ಈ ಕಟ್ಟಡದ ಪ್ರತಿ ಮನೆಯಲ್ಲೂ ನಾಲ್ಕು ನಾಲ್ಕು ಗಂಡಸರಿದ್ದಾರೆ, ಎಲ್ಲರೂ ಅಮೀರ್‌ಪೇಟೆಯಲ್ಲಿ ಜಾವಾ ಕಲಿಯಲು ಬಂದವರು. ನಡುವೆ ನಾವಿಬ್ಬರು. ಆಕೆ ನಮ್ಮನ್ನು ತೋರಿಸಿ ಉಳಿದವರಿಗೆ, “ಚೂಡಂಡಿ, ಆ ಇದ್ದರು ಎಂತ ನೆಮ್ಮದಿಗಾ ಉಂಟಾರೋ” ಎನ್ನುತ್ತಾಳೆ. ನೋಡಿ, ಆ ಇಬ್ಬರು ಎಷ್ಟು ನೆಮ್ಮದಿಯಾಗಿದ್ದಾರೆ ಅಂತ. ಸಾಫ್ಟ್‌ವೇರ್ ಈ ಊರಿಗೆ ಏನು ಮಾಡಿತೋ, ನಮಗಂತೂ ಇದೊಂದು ಉಪಕಾರ ಮಾಡಿದೆ.

ಇನ್ನು ಕಷ್ಟದ್ದು. ಅಕ್ಕೋರೇ, ನಾನು ನಿಮ್ಮ ಊರಿನವನೇ. ಹೊನ್ನಳಗಿಯಲ್ಲಿ ‘ಗಡಿಯಾರ ಕಟ್ಟೆ’ ಎಂಬ ವಾರಪತ್ರಿಕೆ ಇತ್ತು, ನೆನಪಿದೆಯೇ? ಅದು ನನ್ನದು. ಬಸ್ ಸ್ಟ್ಯಾಂಡಿನ ಹಿಂದೆ ಒಬ್ಬ ಟೇಲರ್, ಅವನ ಜೊತೆಗೊಬ್ಬ ಗೆಳೆಯ. ಇಬ್ಬರನ್ನೂ ಹೊರಗೆಳೆದು ತಲೆ ಬೋಳಿಸಿದರು. ದೂರು ತೆಗೆದುಕೊಳ್ಳುವವರು ಯಾರೂ ಇರಲಿಲ್ಲ. ನಾಲ್ಕು ವಾರ ಬರೆದೆ. ನಾಲ್ಕನೆಯ ವಾರ, ನಾನೂ ಅಂಥವನೇ ಎಂದು ನನ್ನ ಹೆಸರು ಹಾಕಿಯೇ ಬರೆದೆ. ಪ್ರೆಸ್ಸು ಒಡೆದರು. ಒಡೆದವರಿಗೆ ಏನೂ ಆಗಲಿಲ್ಲ. ಊರಿನ ಶಾಂತಿಗೆ ಭಂಗ ಎಂದು ನನ್ನನ್ನು ಎರಡು ವರ್ಷ ಜಿಲ್ಲೆಯಿಂದ ಗಡಿಪಾರು ಮಾಡಿದರು.

ಅವಧಿ ಮುಗಿದು ಒಂಬತ್ತು ತಿಂಗಳಾಯಿತು. ಊರು ನಾಲ್ಕು ತಾಸಿನ ದಾರಿ. ಇಮ್ಲಿಬನ್ ಬಸ್ ಸ್ಟ್ಯಾಂಡಿಗೆ ಎರಡು ಸಲ ಹೋಗಿ, ಬಸ್ಸಿನಲ್ಲಿ ಕೂತು, ಕಂಡಕ್ಟರ್ ಬರುವ ಮೊದಲೇ ಇಳಿದು ಬಂದೆ. ಆದೇಶದಲ್ಲಿ ‘ಇಷ್ಟನೇ ತಾರೀಖಿಗೆ ಮುಗಿಯತಕ್ಕದ್ದು’ ಎಂದಿತ್ತು. ಬಾ ಎಂದು ಯಾರೂ ಬರೆದಿರಲಿಲ್ಲ.

ಇದನ್ನೆಲ್ಲ ಹೇಳಿದ್ದು ಪುಕಾರು ಹೇಳಲು ಅಲ್ಲ. ನಾನು ಆ ಇಬ್ಬರ ಹೆಸರು ಬರೆದಿರಲಿಲ್ಲ. ‘ಬಸ್ ಸ್ಟ್ಯಾಂಡಿನ ಹಿಂದಿನ ಟೇಲರ್’ ಎಂದಷ್ಟೇ ಬರೆದಿದ್ದೆ, ಜಾಣತನ ಮಾಡಿದೆ ಎಂದುಕೊಂಡಿದ್ದೆ. ಅಲ್ಲಿ ಇದ್ದದ್ದೇ ಒಬ್ಬ ಟೇಲರ್. ಗೊತ್ತಿಲ್ಲದವರಿಗೂ ಗೊತ್ತಾಯಿತು. ಅವನು ಅಂಗಡಿ ಬಿಟ್ಟು ಹೋದ. ಬದುಕಿದ್ದಾನೋ ಇಲ್ಲವೋ ಇವತ್ತಿಗೂ ನನಗೆ ತಿಳಿಯದು. ನನ್ನನ್ನು ಊರು ಬಿಡಿಸಿದವರ ಮೇಲೆ ನನಗೆ ಸಿಟ್ಟಿದೆ. ಅವನನ್ನು ಊರು ಬಿಡಿಸಿದವನು ನಾನು.

ಆದ್ದರಿಂದ ನಿಮ್ಮ ಮನೆಯಲ್ಲಿ ಓದುವವರು ಯಾರೆಂದು ನನಗೆ ಗೊತ್ತು, ಹೇಳುವುದಿಲ್ಲ. ಬಸವಕಿರಣ ಅಲ್ಲ ಎಂದೂ ಹೇಳುವುದಿಲ್ಲ, ಹೌದು ಎಂದೂ ಹೇಳುವುದಿಲ್ಲ. ಇರುವವರೇ ಮೂವರು. ಒಬ್ಬರನ್ನು ಅಲ್ಲ ಎಂದರೆ ಉಳಿದವರತ್ತ ಬೆರಳು ತೋರಿಸಿದ ಹಾಗೆಯೇ ಆಯಿತು.

ಬೈಯಿರಿ. ಬೈಯುವುದಕ್ಕೆ ನಿಮಗೆ ಹಕ್ಕಿದೆ.

ಚಂದ್ರಹಾಸ


ಹೊನ್ನಳಗಿ
೨೦ ಮಾರ್ಚ್ ೨೦೦೫

ಚಂದ್ರಹಾಸ ಅವರಿಗೆ,

ನಿಮ್ಮ ಪತ್ರಿಕೆ ನೆನಪಿದೆ. ಪ್ರೆಸ್ಸು ಒಡೆದ ದಿನ ಶಾಲೆಗೆ ಸೂಟಿ ಕೊಟ್ಟಿದ್ದರು. ನಾನು ಹುಡುಗಿಯರನ್ನು ಸಾಲಾಗಿ ಮನೆಗೆ ಕಳಿಸಿ, ಮನೆಗೆ ಬಂದು ಬಾಗಿಲು ಹಾಕಿಕೊಂಡು ಕೂತೆ. ಒಡೆಯುವವರಲ್ಲಿ ನನ್ನ ವಿದ್ಯಾರ್ಥಿನಿಯರ ಅಣ್ಣಂದಿರೂ ಇದ್ದರು. ಹೋಗಿ ಕಿವಿ ಹಿಂಡಬಹುದಿತ್ತು. ಹಿಂಡಲಿಲ್ಲ. ಅದರ ಬಗ್ಗೆ ಮಾತು ಇಷ್ಟೇ.

ಯಜಮಾನರು ಆಗ ನಿಮ್ಮ ಗಡಿಪಾರಿನ ಆದೇಶ ಹೊರಟ ಕಚೇರಿಯಲ್ಲೇ ಗುಮಾಸ್ತರು. “ಆ ಗಡಿಪಾರಿನ ಹುಡುಗ ಈಗ ಎಲ್ಲಿದ್ದಾನ್ರಿ?” ಅಂತ ಕೇಳಿದೆ. “ಕಚೇರಿ ಮಾತು ಮನ್ಯಾಗ ಬ್ಯಾಡ” ಅಂದು ಗೋಡೆಯ ಕಡೆ ತಿರುಗಿ ಮಲಗಿದರು.

ಆದರೆ ನೀವು ಮಾಡುವುದು ನ್ಯಾಯವಲ್ಲ. ಆ ಟೇಲರ್‌ಗೆ ಆದದ್ದಕ್ಕೆ ನನ್ನ ಕಾವ್ಯಾ ದಂಡ ಕಟ್ಟಬೇಕೇ? ನಿಮ್ಮ ಓದುಗರು ಮಾತ್ರ ಮನುಷ್ಯರು, ಅವರನ್ನು ಮದುವೆಯಾಗಿ ಬರುವ ಹೆಣ್ಣುಮಕ್ಕಳು ಕಟ್ಟಿಗೆಯೋ? ನಿಮ್ಮ ಹನ್ನೆರಡೂ ಪುಟ ಹುಡುಕಿದೆ. ಹೆಂಡತಿಯರ ಒಂದು ಪತ್ರ ಇಲ್ಲ.

ನಾಲ್ಕು ದಿನದ ಹಿಂದೆ ಬಸವಕಿರಣನ ಟ್ರಂಕು ತೆಗೆದು ನೋಡಿದೆ. ಹಡೆದ ತಾಯಿ ಮಗನ ಟ್ರಂಕು ಕದ್ದು ನೋಡುವ ಹಾಗೆ ಆಯಿತು. ಏನೂ ಸಿಗಲಿಲ್ಲ. ಸಿಗದೇ ಇದ್ದದ್ದಕ್ಕೆ ಇನ್ನೂ ಹೆಚ್ಚು ಹೆದರಿಕೆಯಾಯಿತು.

ಬಸಲಿಂಗಮ್ಮ


ಕೂಕಟ್‌ಪಲ್ಲಿ
೧ ಏಪ್ರಿಲ್ ೨೦೦೫

ಅಕ್ಕೋರಿಗೆ,

ನಿಮ್ಮ ಪತ್ರವನ್ನು ಉಪ್ಪಲ್‌ಗೆ ತೆಗೆದುಕೊಂಡು ಹೋಗಿದ್ದೆ. ಅಲ್ಲಿ ಶ್ರೀವಿದ್ಯಾ ಎಂಬ ವಕೀಲೆ ಇದ್ದಾರೆ. ಯಾರನ್ನಾದರೂ ಹಿಡಿದು ಸ್ಟೇಷನ್ನಿನಲ್ಲಿ ಕೂರಿಸಿದರೆ ಅವರೂ ನಾನೂ ಬಿಡಿಸಲು ಓಡುತ್ತೇವೆ. ತಿಂಗಳಿಗೊಮ್ಮೆ ಎಲ್ಲರೂ ಅವರ ಮನೆಯಲ್ಲಿ ಸೇರುತ್ತೇವೆ. ನಿಮ್ಮ ಹೆಸರು, ಊರು ಹೇಳದೇ ‘ಹೆಂಡತಿಯರ ಒಂದು ಪತ್ರ ಇಲ್ಲ’ ಎಂಬ ಸಾಲನ್ನು ಓದಿದೆ. ಹದಿನಾಲ್ಕು ಜನ ಇದ್ದರು, ಅವರಲ್ಲಿ ಐವರಿಗೆ ಮನೆಯಲ್ಲಿ ಹೆಂಡತಿ ಇದ್ದಾರೆ. ಯಾರೂ ತಲೆ ಎತ್ತಲಿಲ್ಲ. ನೀವು ಹೇಳಿದ್ದು ಸರಿ. ನನಗೆ ನಾಚಿಕೆಯಾಯಿತು.

ಆದರೂ ಹೆಸರು ಹೇಳಲಾರೆ.

ಬಸ್ಸಿನಲ್ಲಿ ವಾಪಸ್ ಬರುವಾಗ ರಾಮಕೃಷ್ಣ ಒಂದು ಮಾತು ಹೇಳಿದ. ಅವನ ಮಾತನ್ನು ಹಾಗೇ ದಾಟಿಸುತ್ತೇನೆ: “ಆ ತಾಯಿ ಮೊದಲ ಸಾಲು ಓದಿ ಹೆದರಿ ನಿಲ್ಲಿಸಿದರು. ಯಾರು ಕೇಳಿಸಿಕೊಳ್ಳಬೇಕೋ ಅವರು, ಈಕೆ ಅಸಹ್ಯಪಟ್ಟು ನಿಲ್ಲಿಸಿದಳು ಎಂದುಕೊಂಡಿರುತ್ತಾರೆ. ಪೂರ್ತಿ ಓದಲು ಹೇಳು.”

ನಾನು ಇದಕ್ಕಿಂತ ಹೆಚ್ಚು ಏನೂ ಹೇಳುವುದಿಲ್ಲ.

ಚಂದ್ರಹಾಸ


ಹೊನ್ನಳಗಿ
೧೭ ಏಪ್ರಿಲ್ ೨೦೦೫

ಚಂದ್ರಹಾಸ ತಮ್ಮಾ,

ಓದಿದೆ.

ಯುಗಾದಿಯ ದಿನ, ಹೋಳಿಗೆ ಊಟ ಮುಗಿದ ಮೇಲೆ ಎಲ್ಲರನ್ನೂ ಪಡಸಾಲೆಯಲ್ಲಿ ಕೂರಿಸಿದೆ. ಡಬ್ಬಿಯ ಕೆಳಗಿನದನ್ನು ತಂದೆ. “ಅವತ್ತು ಅರ್ಧಕ್ಕ ಬಿಟ್ಟಿದ್ದೆ, ಇವತ್ತು ಪೂರಾ ಓದತೀನಿ. ಯಾರೂ ಏಳಬ್ಯಾಡ್ರಿ” ಅಂದೆ. ಶಾಲೆಯಲ್ಲಿ ಪಾಠ ಓದುವ ದನಿಯಲ್ಲೇ ಶುರು ಮಾಡಿದೆ. ನಾನು ಗಂಡಸು, ನನ್ನ ಮನಸ್ಸು ಇನ್ನೊಬ್ಬ ಗಂಡಸಿನ ಮೇಲಿದೆ, ಇದನ್ನು ನಮ್ಮವ್ವನಿಗೆ ಹೇಳುವುದು ಹೇಗೆ. ಮೊದಲ ಪುಟ ಮುಗಿಸಿ ಹಾಳೆ ತಿರುವಿದೆ. ಕುಮುದಾ ಬಾಯಿ ತೆರೆದುಕೊಂಡು ಕೇಳುತ್ತಿದ್ದಳು. ಬಸವಕಿರಣ ನೆಲ ನೋಡುತ್ತಿದ್ದ. ನನ್ನ ಕಣ್ಣು ಅವನ ಮೇಲೇ ಇತ್ತು. ಓದುತ್ತಲೇ, ಹೇಳು ಮಗನೇ, ನಾನು ಬಯ್ಯುವುದಿಲ್ಲ ಹೇಳು ಎಂದು ಒಳಗೊಳಗೇ ಅನ್ನುತ್ತಿದ್ದೆ.

ಐದನೆಯ ಪುಟದಲ್ಲಿ ಕನ್ನಡಕ ಒರೆಸಲು ನಿಲ್ಲಿಸಿದೆ. ಆಗ ಅತ್ತಲಿಂದ ದನಿ ಬಂತು.

“ನಿಲ್ಲಿಸಬ್ಯಾಡ. ಮುಂದ ಓದು.”

ಯಜಮಾನರು. ಪಟ್ಟಿ ತೆಗೆದಿದ್ದಾರೆ, ಆದರೆ ಇನ್ನೂ ಸಣ್ಣಕ್ಷರ ಕಾಣುವುದಿಲ್ಲ. ಗೋಡೆಗೆ ಒರಗಿ ಕೂತಿದ್ದರು. ಗಲ್ಲದ ಮೇಲೆ ನೀರು ಹರಿಯುತ್ತಿತ್ತು. ಕಣ್ಣಿನ ಔಷಧ ಅಂದುಕೊಂಡೆ. ಔಷಧ ಹಾಕುವವಳು ನಾನೇ, ಅವತ್ತು ಇನ್ನೂ ಹಾಕಿರಲಿಲ್ಲ.

“ಅದು ನಂದ ಐತಿ, ಬಸಲಿಂಗಿ,” ಅಂದರು. “ಎರಡು ವರ್ಷದಿಂದ ನಂಗ ಬರಾಕತ್ತೈತಿ. ಹೆಸರು ಸೈತ ನಂದ ಹಾಕ್ಯಾರ.”

ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರಂತೆ. ಕವರಿನ ಮೇಲೆ ಅವರ ಹೆಸರು ಬರೆದಿತ್ತು, ತಮ್ಮಾ. ನಾನು ಅದನ್ನು ಓದಿ ಮಗನ ಟ್ರಂಕು ಹುಡುಕಿದೆ.

ಮಕ್ಕಳು ಮೆಲ್ಲಗೆ ಎದ್ದು ಹಿತ್ತಲಿಗೆ ಹೋದರು. ನಾವಿಬ್ಬರೇ ಉಳಿದೆವು. ವೈಜನಾಥ ಅಂತ ಅವರಿಗೊಬ್ಬ ಗೆಳೆಯನಿದ್ದ. ನಮ್ಮ ಮದುವೆಯಲ್ಲಿ ಇವರ ಹಣೆಗೆ ಬಾಸಿಂಗ ಕಟ್ಟಿದವನು ಅವನೇ. ಕಟ್ಟಿ, ಊಟ ಮಾಡದೆ ಹೋಗಿಬಿಟ್ಟ. ಸೊಲ್ಲಾಪುರದಲ್ಲಿ ತೀರಿಕೊಂಡನಂತೆ. ಮೂವತ್ತನಾಲ್ಕು ವರ್ಷ ನಾನು ‘ಆ ಸೊಕ್ಕಿನ ವೈಜನಾಥ, ನನ್ನ ಮದುವೆಯ ಅನ್ನ ಮುಟ್ಟಲಿಲ್ಲ’ ಅಂತ ಬೈದಿದ್ದೇನೆ. ಇವರು ಒಂದು ದಿನವೂ ಎದುರು ಮಾತಾಡಿಲ್ಲ. ಅವತ್ತು ಹೇಳಿದರು, ಆತ ಸೊಕ್ಕಿಲೆ ಹೋಗಿರಲಿಲ್ಲ ಅಂತ.

ಏನೂ ತಿಳಿಯದೇ ಬಾಳು ಹಾಳಾಗುವ ಹುಡುಗಿ ಕಾವ್ಯಾ ಅಂತ ನಿಮಗೆ ಬರೆದಿದ್ದೆ. ಆ ಹುಡುಗಿ ನಾನೇ ಆಗಿದ್ದೆ.

ಹಾಳಾಯಿತೇ ಅಂತ ವಾರದಿಂದ ನನ್ನನ್ನೇ ಕೇಳಿಕೊಳ್ಳುತ್ತಿದ್ದೇನೆ. ಒಂದು ದಿನ ಹೌದು ಅನಿಸುತ್ತದೆ, ಒಂದು ದಿನ ಇಲ್ಲ. ಕೈ ಎತ್ತಿದವರಲ್ಲ, ಕೆಟ್ಟ ಮಾತು ಆಡಿದವರಲ್ಲ. ನನ್ನನ್ನು ಓದಿಸಿ ಟೀಚರ್ ಮಾಡಿದವರು ಅವರೇ. ಆದರೂ ಹೊಸ ಸೀರೆ ಉಟ್ಟು ಎದುರು ನಿಂತಾಗ ನೆಲ ನೋಡುತ್ತಿದ್ದರಲ್ಲ, ನಾನು ಕಪ್ಪಗಿದ್ದೇನೆ ಅಂತಲೇ ತಿಳಿದಿದ್ದೆ. ಸಿಟ್ಟು ಭಾಳ ಇದೆ. ಮೂರು ದಿನ ಮಾತು ಬಿಟ್ಟಿದ್ದೆ. ನಾಲ್ಕನೆಯ ದಿನ ಕಣ್ಣಿಗೆ ಔಷಧ ಹಾಕುವಾಗ, “ಉಳಿದ ಏಳು ಪುಟ ಓದತೀಯೇನು?” ಅಂತ ಕೇಳಿದರು. ಅವರು ನನ್ನನ್ನು ಹಾಗೆ ಏನಾದರೂ ಕೇಳಿದ್ದು ನೆನಪಿಲ್ಲ. ಓದಿದೆ.

ಬಸವಕಿರಣನನ್ನು ಕೂರಿಸಿ ಕೇಳಿದೆ. ಚಹಾ ಚೆಲ್ಲಿದ್ದು ಯಾಕಂದರೆ, ನಾನು ಲಗ್ನಪತ್ರಿಕೆ ಅಂದ ಕೂಡಲೇ ಕಾವ್ಯಾ ನೆನಪಾದಳಂತೆ. ಅವನ “ಆತು ಬಿಡ್ರಿ” ಅಂದರೆ ನಾಚಿಕೆಯಂತೆ. ಮೂವತ್ತು ವರ್ಷ ಮಕ್ಕಳ ಮುಖ ಓದಿದವಳು ನಾನು, ನನ್ನ ಮನೆಯ ಒಂದು ಮುಖವೂ ನನಗೆ ಓದಲು ಬರಲಿಲ್ಲ.

ಹೆಂಡತಿಯರ ಪತ್ರ ಇಲ್ಲ ಅಂದಿದ್ದೆನಲ್ಲ, ಇದನ್ನು ಬೇಕಾದರೆ ಹಾಕಿಕೊಳ್ಳಿ. ಹೆಸರು, ಊರು ತೆಗೆಯಿರಿ. ಟೀಚರ್ ಅನ್ನುವುದನ್ನೂ ತೆಗೆಯಿರಿ.

ಬಸಲಿಂಗಮ್ಮ


ಇವರಿಂದ:
ಕಲ್ಯಾಣಪ್ಪ, ನಿವೃತ್ತ ಪ್ರಥಮ ದರ್ಜೆ ಸಹಾಯಕ, ಹೊನ್ನಳಗಿ

ಇವರಿಗೆ:
ಶ್ರೀ ಚಂದ್ರಹಾಸ, ಪತ್ರಕರ್ತರು, ಕೂಕಟ್‌ಪಲ್ಲಿ, ಹೈದರಾಬಾದ್

ದಿನಾಂಕ: ೧೮-೫-೨೦೦೫

ವಿಷಯ: ಗಡಿಪಾರಿನ ಅವಧಿ ಮುಗಿದಿರುವ ಬಗ್ಗೆ.
ಉಲ್ಲೇಖ: ೧) ಆದೇಶ, ದಿನಾಂಕ ೧೯-೬-೨೦೦೨. ೨) ನನ್ನ ಹೆಂಡತಿಗೆ ತಾವು ಬರೆದ ಪತ್ರಗಳು.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಉಲ್ಲೇಖ (೧)ರ ಆದೇಶವನ್ನು ಬೆರಳಚ್ಚು ಮಾಡಿದವನು ನಾನು.

ಸಹಿ ಸಾಹೇಬರದು. ಅಕ್ಷರ ನನ್ನವು. ಆದೇಶದ ಜೊತೆ ಲಗತ್ತಿಸಲು ತಮ್ಮ ಪತ್ರಿಕೆಯ ನಾಲ್ಕು ಸಂಚಿಕೆಗಳಿಗೆ ಪುಟಸಂಖ್ಯೆ ಹಾಕಬೇಕಿತ್ತು. ಹಾಕುವಾಗ ಓದಿದೆ. ನಾಲ್ಕನೆಯ ಸಂಚಿಕೆಯಲ್ಲಿ ತಾವು ತಮ್ಮ ಬಗ್ಗೆ ಬರೆದದ್ದು ನನ್ನ ಬಗ್ಗೆಯೂ ಆಗಿತ್ತು. ಓದಿ ಮುಗಿಸಿ, ಹಾಳೆ ಸಿಕ್ಕಿಸಿ, ತಮ್ಮನ್ನು ಜಿಲ್ಲೆಯಿಂದ ಹೊರಗೆ ಹಾಕುವ ಆದೇಶವನ್ನು ಮೂರು ಪ್ರತಿಯಲ್ಲಿ ತಯಾರಿಸಿದೆ. ಒಂದು ತಪ್ಪೂ ಇರಲಿಲ್ಲ. ಸಾಹೇಬರು ಮೆಚ್ಚಿಕೊಂಡರು.

ಗಡಿಪಾರಾದವರು ತಾವು ಇರುವ ವಿಳಾಸವನ್ನು ಕಚೇರಿಗೆ ತಿಳಿಸಬೇಕೆಂಬ ನಿಯಮವಿದೆ. ಹೈದರಾಬಾದಿನ ತಮ್ಮ ವಿಳಾಸ ನನಗೆ ಸಿಕ್ಕಿದ್ದು ಆ ಕಡತದಲ್ಲಿ. ನಿವೃತ್ತನಾದ ಮಾರನೆಯ ದಿನ ತಮಗೆ ಬರೆದು ಪತ್ರಿಕೆ ತರಿಸಿಕೊಳ್ಳಲು ಶುರು ಮಾಡಿದೆ. ಬೆರಳಚ್ಚು ಮಾಡಿದವನು ನಾನೇ ಎಂದು ತಿಳಿಸುವ ಧೈರ್ಯ ಬರಲಿಲ್ಲ. ತಮ್ಮ ಮನೆಯ ದಾರಿ ಮುಚ್ಚಿ, ತಮ್ಮ ಪತ್ರಿಕೆಯಿಂದ ನಾನು ಸಮಾಧಾನ ಪಡೆದೆ. ಇದಕ್ಕೆ ಕ್ಷಮೆ ಕೇಳುವ ನಮೂನೆ ಯಾವುದೂ ನನಗೆ ಗೊತ್ತಿಲ್ಲ.

‘ಬಾ ಎಂದು ಯಾರೂ ಬರೆದಿರಲಿಲ್ಲ’ ಎಂದು ತಾವು ಬರೆದದ್ದನ್ನು ನನ್ನ ಹೆಂಡತಿ ಓದಿ ಹೇಳಿದಳು. ಆದ್ದರಿಂದ ಬರೆಯುತ್ತಿದ್ದೇನೆ. ಸದರಿ ಆದೇಶ ೧೮-೬-೨೦೦೪ಕ್ಕೆ ಮುಗಿದಿದೆ. ತಾವು ಬರಬೇಕು.

ಇದರೊಂದಿಗೆ ಒಂದು ಕವರನ್ನು ಪ್ರತ್ಯೇಕ ಟಪಾಲಿನಲ್ಲಿ ಕಳಿಸಲಾಗಿದೆ. ವಿಳಾಸ ಬರೆದವಳು ನನ್ನ ಹೆಂಡತಿ, ಅರಿಶಿಣ ಹಚ್ಚಿದವನು ನಾನು. ಕಣ್ಣು ಇನ್ನೂ ಸರಿ ಹೋಗಿಲ್ಲ, ಹೆಚ್ಚು ಕಡಿಮೆ ಆಗಿದ್ದರೆ ಮನ್ನಿಸಬೇಕು.

ತಮ್ಮ ವಿಶ್ವಾಸಿ,
ಕಲ್ಯಾಣಪ್ಪ


ಕೂಕಟ್‌ಪಲ್ಲಿ
೨೮ ಮೇ ೨೦೦೫

ಅಕ್ಕೋರಿಗೆ, ಕಲ್ಯಾಣಪ್ಪನವರಿಗೆ ಶರಣು ಶರಣಾರ್ಥಿ.

ಕಲ್ಯಾಣಪ್ಪನವರೇ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಆ ಆದೇಶದ ನನ್ನ ಪ್ರತಿಯನ್ನು ಪೆಟ್ಟಿಗೆಯಿಂದ ತೆಗೆದು ನೋಡಿದೆ. ನಿಜ, ಒಂದು ತಪ್ಪೂ ಇಲ್ಲ. ಸಿಟ್ಟು ಬಂತು, ಇಲ್ಲ ಎನ್ನುವುದಿಲ್ಲ. ಅದನ್ನು ಹೊತ್ತುಕೊಂಡೇ ಬಂದು ನಿಮ್ಮ ಎದುರು ಕೂತು ಮಾತಾಡುತ್ತೇನೆ. ಹೇಗೂ ನಮ್ಮಿಬ್ಬರಿಗೂ ಒಬ್ಬೊಬ್ಬರು ಲೆಕ್ಕಕ್ಕೆ ಸಿಗದೇ ಹೋದವರಿದ್ದಾರೆ. ನಿಮಗೆ ವೈಜನಾಥ, ನನಗೆ ಆ ಟೇಲರ್. ಅವನನ್ನು ಹುಡುಕಲು ನೀವು ನೆರವಾಗಬೇಕು. ಕಡತ ಹುಡುಕುವುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

ಅಕ್ಕೋರೇ, ನಿಮ್ಮ ಪತ್ರ ಈ ಸಂಚಿಕೆಯ ಮೊದಲ ಪುಟದಲ್ಲಿದೆ. ಹೆಸರಿಲ್ಲ, ಊರಿಲ್ಲ, ಟೀಚರ್ ಇಲ್ಲ, ಬಾಸಿಂಗವನ್ನೂ ತೆಗೆದಿದ್ದೇನೆ. ಈಗಾಗಲೇ ಒಬ್ಬ ಹೆಂಡತಿ ಉತ್ತರ ಬರೆದಿದ್ದಾರೆ. ತರುತ್ತೇನೆ.

ಕವರಿನ ವಿಷಯ ಹೇಳಬೇಕು. ಬಂದಾಗ ನಾನು ಮನೆಯಲ್ಲಿರಲಿಲ್ಲ. ರಾಮಕೃಷ್ಣ ಕೆಂಪು ಕವರು ನೋಡಿ ನಮ್ಮದೇ ಯಾವುದೋ ವಿಳಾಸ ಸಿಗದೆ ವಾಪಸ್ ಬಂದಿದೆ ಎಂದು ಬದಿಗಿಟ್ಟನಂತೆ. ಆಮೇಲೆ ಅರಿಶಿಣ ನೋಡಿ, “ಇದು ನಾನು ಹಚ್ಚಿದ್ದಲ್ಲ” ಎಂದು ಕೈಗೆತ್ತಿಕೊಂಡ. ಅವನಿಗೆ ಕನ್ನಡ ಬರುವುದಿಲ್ಲ. ಆದರೆ ತೆಲುಗು ಅಕ್ಷರಕ್ಕೂ ಕನ್ನಡ ಅಕ್ಷರಕ್ಕೂ ದೂರವಿಲ್ಲವಲ್ಲ, ಒಂದೊಂದೇ ಕೂಡಿಸಿ ಓದುತ್ತಾನೆ. ನಾನು ಬಾಗಿಲು ತೆಗೆದು ಒಳಗೆ ಬಂದಾಗ ಮಂಚದ ಮೇಲೆ ಕೂತು ಕವರಿನ ಮೇಲೆ ಬೆರಳು ಇಟ್ಟು ಗಟ್ಟಿಯಾಗಿ ಓದುತ್ತಿದ್ದ.

“ಶ್ರೀ ಚಂದ್ರಹಾಸ ಹಾಗೂ ಶ್ರೀ ರಾಮಕೃಷ್ಣ ಅವರಿಗೆ, ಸ... ಕು... ಟುಂ... ಬ.”

ಹನ್ನೊಂದು ವರ್ಷದಿಂದ ಅವನು ದಿನವೂ ಸಾವಿರ ಸಲ ಆ ಪದವನ್ನು ಊರವರಿಗಾಗಿ ಅಚ್ಚು ಹಾಕುತ್ತಿದ್ದಾನೆ. ತನ್ನ ಹೆಸರಿನ ಮುಂದೆ ನೋಡಿರಲಿಲ್ಲ.

ನಾನು ಕವರು ಒಡೆಯಲು ಕೈ ಹಾಕಿದೆ. ಬಿಡಲಿಲ್ಲ. ಅವರ ಮನೆಯ ಪದ್ಧತಿ ಇದೆಯಲ್ಲ, ಕೂತುಕೋ ಅಂದ. ಇಬ್ಬರೂ ನೆಲದ ಮೇಲೆ ಕೂತೆವು. ಬಸವಣ್ಣನ ಹೆಸರಿನಿಂದ ಶುರು ಮಾಡಿ ಕಾವ್ಯಾಳ ಅಕ್ಕನ ಮಗುವಿನ ಹೆಸರಿನ ತನಕ ನಾನು ಓದಿದೆ, ಅವನು ಕೇಳಿದ.

ಜೂನ್ ಒಂಬತ್ತರ ಬಸವಕಿರಣನ ಮದುವೆಗೆ ಏಳನೆಯ ತಾರೀಖಿನ ಬೆಳಗಿನ ಬಸ್ಸಿಗೆ ಹೊರಡುತ್ತೇವೆ. ಕಂಡಕ್ಟರ್ ಬರುವ ಮೊದಲೇ ನಾನು ಇಳಿಯದ ಹಾಗೆ ಕಿಟಕಿಯ ಕಡೆಗೆ ನನ್ನನ್ನು ಕೂರಿಸಿ, ಬಾಗಿಲ ಕಡೆಗೆ ರಾಮಕೃಷ್ಣ ಕೂರುತ್ತಾನಂತೆ. ಅಕ್ಕೋರೇ, ನಾವು ಮದುವೆಯ ಊಟ ಮಾಡಿಯೇ ಮರಳುತ್ತೇವೆ.

ನಿಮ್ಮ
ಚಂದ್ರಹಾಸ